ನೀಲಿಯಾಗದ ಉಪ್ಪು

ಎರಡನೇ ಹನಿಯೂ ಬಿತ್ತು. ಉಪ್ಪು ಬೆಳ್ಳಗೇ ಇತ್ತು.

ಗುಬ್ಬಿ ಪರೀಕ್ಷೆಯ ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ಮೂರನೇ ಹನಿ ಬಿಟ್ಟಳು. ತಟ್ಟೆಯಲ್ಲಿದ್ದ ಚಿಟಿಕೆ ಉಪ್ಪು ಒದ್ದೆಯಾಗಿ ಕುಗ್ಗಿತು, ಅಷ್ಟೇ. ಬಣ್ಣ ಮಾತ್ರ ಬರಲಿಲ್ಲ.

"ಬಾಟಲಿ ಹಳೇದಾಗಿರಬೇಕು ಕಣೇ," ಎಂದರು ಮೇಷ್ಟ್ರಮ್ಮ, ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ. "ಅವರು ಹೋದ ಮೇಲೆ ಅದನ್ನ ಯಾರು ಮುಟ್ಟಿದಾರೆ?"

"ಹೋಗಿ ನಾಲ್ಕು ದಿನ ಆಯ್ತು ಮೇಷ್ಟ್ರಮ್ಮ. ನಾಲ್ಕು ದಿನಕ್ಕೆ ಬಾಟಲಿ ಹಳೇದಾಗುತ್ತಾ?"

ನಾಲ್ಕು ದಿನದ ಹಿಂದೆ ಉಪ್ಪಿನ ಗಿರಣಿಯ ಗೋದಾಮಿನಲ್ಲಿ, ಕುಸಿದ ಮೂಟೆಗಳ ಅಡಿಯಲ್ಲಿ ಮೇಷ್ಟ್ರಮ್ಮನ ಗಂಡ ನೀಲಿ ಮೇಷ್ಟ್ರ ಹೆಣ ಸಿಕ್ಕಿತ್ತು. ಊರಿಗೆ ಊರೇ ಅದನ್ನು ಆಕಸ್ಮಿಕ ಎಂದಿತ್ತು. ಇನ್‌ಸ್ಪೆಕ್ಟರ್ ಗುಬ್ಬಿ ಮಾತ್ರ ಇನ್ನೂ ಹಾಗೆ ಬರೆದು ಸಹಿ ಹಾಕಿರಲಿಲ್ಲ. ಠಾಣೆಯಲ್ಲಿ ಅವಳು ಮೇಡಂ. ಈ ಮನೆಯಲ್ಲಿ ಮಾತ್ರ ಐವತ್ತು ದಾಟಿದ ಮೇಲೂ, ಮೂರನೇ ಬೆಂಚಿನ ಗುಬ್ಬಿಯೇ.

ಮೇಷ್ಟ್ರ ಅಂಗಿಯ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತ್ತು. ನಾಲ್ಕು ಮಡಿಕೆ ಹಾಕಿದ ಕಾಗದ, ಒಳಗೆ ಒಂದು ಹಿಡಿ ಉಪ್ಪು. ಈಗ ತಟ್ಟೆಯಲ್ಲಿ ಬೆಪ್ಪಾಗಿ ಕೂತಿದ್ದುದು ಅದೇ.

ಬಾಟಲಿ ಕೆಟ್ಟಿದೆಯೋ, ಉಪ್ಪು ಕೆಟ್ಟಿದೆಯೋ? ಇದಕ್ಕೆ ಉತ್ತರ ಹುಡುಕುವ ದಾರಿಯನ್ನು ಮೇಷ್ಟ್ರೇ ಕಲಿಸಿದ್ದರು. ಒಂದನ್ನು ಅನುಮಾನಿಸಿದರೆ ಇನ್ನೊಂದರ ಪಕ್ಕ ಇಟ್ಟು ನೋಡಬೇಕು.

"ಅಡುಗೆಮನೆ ಉಪ್ಪು ಒಂದು ಚಿಟಿಕೆ ಬೇಕಿತ್ತು."

"ತಾಳು, ನಾನೇ ತರ್ತೀನಿ," ಎಂದು ಮೇಷ್ಟ್ರಮ್ಮ ಗೋಡೆ ಹಿಡಿದುಕೊಂಡು ತಿರುಗುವಷ್ಟರಲ್ಲಿ ಗುಬ್ಬಿ ಎದ್ದು ಒಳಗೆ ಹೋಗಿ ಬಂದಾಗಿತ್ತು. ಜಾಡಿ ಎಲ್ಲಿದೆ ಎಂದು ಕೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಆ ಜಾಡಿಯ ಪಕ್ಕದ ಬೆಲ್ಲಕ್ಕೆ ಕೈ ಹಾಕಿ ಎಷ್ಟು ಸಲ ಸಿಕ್ಕಿಬಿದ್ದಿದ್ದಳೋ.

ಒಂದೇ ಹನಿ. ಉಪ್ಪು ಕಣ್ಣೆದುರೇ ನೀಲಿಯಾಯಿತು. ಹೊಸ ಶಾಯಿ ಚೆಲ್ಲಿದ ಹಾಗೆ, ಗಾಢ ನೀಲಿ.



ಈ ನೀಲಿಯನ್ನು ಅವಳು ಮೊದಲು ಕಂಡದ್ದು ಎಂಟನೇ ವಯಸ್ಸಿನಲ್ಲಿ. ಮೇಷ್ಟ್ರು ಮೇಜಿನ ಮೇಲೆ ಒಂದು ಬಿಳಿ ತಟ್ಟೆ ಇಟ್ಟು, ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ, ಜಾದೂಗಾರನ ಹಾಗೆ ತೋಳು ಮೇಲೆ ಸರಿಸಿ ಹನಿ ಬಿಟ್ಟಿದ್ದರು. "ನೋಡ್ರೋ, ಉಪ್ಪೊಳಗೆ ಅಯೋಡಿನ್ ಅಡಗಿ ಕೂತಿದೆ. ಕರೆದ್ರೆ ಓಗೊಡುತ್ತೆ." ಮಕ್ಕಳು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

"ದಿನಕ್ಕೆ ಬೇಕಾದ್ದು ಸೂಜಿಮೊನೆಯಷ್ಟು," ಎನ್ನುತ್ತಿದ್ದರು. "ಹುಟ್ಟಿದಾಗಿನಿಂದ ಸಾಯೋವರೆಗೂ ಎಲ್ಲ ಒಟ್ಟು ಸೇರಿಸಿದ್ರೂ ಒಂದು ಟೀ ಚಮಚ. ಆ ಒಂದು ಚಮಚಕ್ಕಾಗಿ ನಮ್ಮೂರು ಎಷ್ಟು ಅತ್ತಿದೆ ಗೊತ್ತಾ?"

ಗೊತ್ತಿತ್ತು. ಬೆಟ್ಟದ ಊರು ಅದು. ಮಳೆ ನೀರು ಮಣ್ಣಿನ ಅಯೋಡಿನ್ನನ್ನೆಲ್ಲ ಯಾವತ್ತೋ ತೊಳೆದು ಸಮುದ್ರಕ್ಕೆ ಒಯ್ದಿತ್ತು. ಅಮ್ಮನ ಕಾಲದ ಫೋಟೋಗಳಲ್ಲಿ ಈ ಊರಿನ ಹೆಂಗಸರು ಯಾರೂ ಗದ್ದ ಎತ್ತಿ ನಿಂತಿಲ್ಲ. ಎಲ್ಲರ ಕೊರಳಲ್ಲೂ ಗಂಟು, ಎಲ್ಲರಿಗೂ ಅದನ್ನು ಮುಚ್ಚಿಕೊಳ್ಳುವ ಸಂಕೋಚ. ಗುಬ್ಬಿಯ ಅಮ್ಮನ ಕೊರಳಲ್ಲಿ ನಿಂಬೆಹಣ್ಣಿನ ಗಾತ್ರದ್ದಿತ್ತು. ಆ ಕೊರಳಿನ ತಾಯಿಗೆ ಮೊದಲು ಹುಟ್ಟಿದ್ದು ಅಣ್ಣ. ಅವನಿಗೆ ಕಿವಿ ಕೇಳಿಸಲಿಲ್ಲ, ಮಾತು ಬರಲಿಲ್ಲ, ಎತ್ತರ ಬೆಳೆಯಲಿಲ್ಲ. ಆರು ವರ್ಷದ ಮೇಲೆ ಇವಳು ಹುಟ್ಟುವ ಹೊತ್ತಿಗೆ, ಇನ್ನೂ ಮೀಸೆ ಸರಿಯಾಗಿ ಮೂಡದ ಹೊಸ ಮೇಷ್ಟ್ರೊಬ್ಬರು ಗಿರಣಿಯ ಯಜಮಾನರನ್ನು ಕಾಡಿ ಬೇಡಿ ಉಪ್ಪಿಗೆ ಅಯೋಡಿನ್ ಬೆರೆಸುವಂತೆ ಮಾಡಿದ್ದರು. 'ಔಷಧಿ ಉಪ್ಪು ನಮಗೆ ಬೇಡ' ಎಂದ ಮನೆಮನೆಗೂ ಬಾಟಲಿ ಹಿಡಿದು ಹೋಗಿ ನೀಲಿ ಮಾಡಿ ತೋರಿಸಿದ್ದರು. ಅಂದಿನಿಂದ ಅವರು ನೀಲಿ ಮೇಷ್ಟ್ರು.

"ಅವನ ಹೊತ್ತಿಗೆ ಉಪ್ಪು ಬರಲಿಲ್ಲ, ನಿನ್ನ ಹೊತ್ತಿಗೆ ಬಂತು." ಅಮ್ಮ ಇದನ್ನು ಸಾಯುವವರೆಗೂ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಗುಬ್ಬಿಗೆ, ಅಣ್ಣನ ಪಾಲಿನ ತುತ್ತನ್ನು ತಾನು ಕಸಿದು ತಿಂದ ಹಾಗನ್ನಿಸುತ್ತಿತ್ತು.

ಅವಳು ಕಣ್ಣೊರೆಸಿಕೊಂಡು ಮೇಷ್ಟ್ರ ಮೇಜಿನ ಕಡೆ ತಿರುಗಿದಳು. ಗಿರಣಿಯ ಉಪ್ಪನ್ನು ಮೇಷ್ಟ್ರು ದಿನಾ ಸಂಜೆ ಪರೀಕ್ಷೆ ಮಾಡಿ, ಫಲ ಬರೆದ ಚೀಟಿಯನ್ನು ಗಿರಣಿಗೆ ಕಳಿಸುತ್ತಿದ್ದುದು ಇಲ್ಲಿಂದಲೇ. ನಿವೃತ್ತಿಯಾದಾಗಿನಿಂದ ಒಂದು ದಿನವೂ ತಪ್ಪಿಸಿದವರಲ್ಲ.

ಮೇಜಿನ ಮೇಲೆ ಮೂರು ಬಾಟಲಿ. ಒಂದರ ಕೊರಳಿಗೆ ಒಂದು ಸುತ್ತು ದಾರ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಗೋಡೆಯುದ್ದಕ್ಕೂ ಸೊಂಟದ ಎತ್ತರದಲ್ಲಿ ಸುಣ್ಣ ಕೈಯ ಜಿಡ್ಡಿಗೆ ಕಪ್ಪಾಗಿತ್ತು. ಕನ್ನಡಕದ ಮೇಲೆ ಬೆರಳು ದಪ್ಪ ಧೂಳು.

"ಮೇಷ್ಟ್ರಿಗೆ ಕಣ್ಣು ಕಾಣ್ತಿರಲಿಲ್ಲ, ಅಲ್ವಾ?"

ಮೇಷ್ಟ್ರಮ್ಮ ಕುಕ್ಕರಿಸಿದರು. 

"ಪೊರೆ ಬಂದಿತ್ತು," ಎಂದರು. "ಮೊದಲು ಹೋಗಿದ್ದೇ ನೀಲಿ ನೋಡು. ಎಲ್ಲಾ ಹಳದಿ, ಎಲ್ಲಾ ಕಂದು ಅಂತಿದ್ರು. ಒಂದು ವರ್ಷದಿಂದ ಅದೂ ಇಲ್ಲ. ಆಪರೇಷನ್ ಮಾಡಿಸಿ ಅಂದ್ರೆ, ಊರಿಗೆ ಗೊತ್ತಾಗುತ್ತೆ ಅಂದ್ಬಿಟ್ರು. ನೀಲಿ ಮೇಷ್ಟ್ರಿಗೆ ನೀಲಿ ಕಾಣಲ್ಲ ಅಂತ ಜನ ನಗಲ್ವೇನೇ?"

"ಹಾಗಾದ್ರೆ ಪರೀಕ್ಷೆ?"

"ನಾನೇ ನೋಡಿ ಹೇಳ್ತಿದ್ದೆ, ನೀಲಿ ಬಂತು ಅಂತ."

"ಚೀಟಿ ಬರೀತಿದ್ದದ್ದು?"

"ಅವರೇ. ಅಭ್ಯಾಸದ ಕೈ, ಬರೀತಿದ್ರು." ಮೇಷ್ಟ್ರಮ್ಮ ತಟ್ಟೆ ಎತ್ತಿಕೊಂಡು ತೊಳೆಯಲು ಹೊರಟರು. ಗುಬ್ಬಿ ಮೆಲ್ಲಗೆ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಅದು ಸಾಕ್ಷ್ಯ.

*

ಗಿರಣಿಯ ಬಾಗಿಲಲ್ಲಿ ಈಗಲೂ ಅದೇ ವಾಸನೆ. ಒದ್ದೆ ಗೋಣಿ, ಗ್ರೀಸು, ನಾಲಿಗೆಯ ತುದಿಗೆ ತಾನಾಗಿ ಬಂದು ಕೂರುವ ಉಪ್ಪಿನ ಧೂಳು. ಅಮ್ಮ ಈ ಅಂಗಳದಲ್ಲೇ ಮೂಟೆಯ ಬಾಯಿ ಹೊಲಿಯುತ್ತಿದ್ದಳು. ಈಗ ಅದೇ ಕೆಲಸ, ಅದೇ ಜಾಗದಲ್ಲಿ ಅಣ್ಣನದು. ಇವತ್ತು ಅವನು ಕೆಲಸಕ್ಕೆ ಬಂದಿರಲಿಲ್ಲ. ಮೇಷ್ಟ್ರು ಸತ್ತಂದಿನಿಂದಲೂ ಬಂದಿಲ್ಲ.

ಕಚೇರಿಗೆ ಹೋಗುವ ಮೊದಲು ಅವಳು ಬೆರೆಸುವ ಶೆಡ್ಡಿಗೆ ಇಣುಕಿದಳು. ಉದ್ದನೆಯ ಬೆಲ್ಟಿನ ಮೇಲೆ ಉಪ್ಪು ಹರಿದು ಹೋಗುತ್ತಿತ್ತು. ಅದರ ಮೇಲೆ ಅಯೋಡಿನ್ ನೀರು ಚಿಮುಕಿಸಬೇಕಾದ ಸಣ್ಣ ಕೊಳವೆ. ಅದರ ಬಾಯಿಗೆ ಜೇಡ ಬಲೆ ಕಟ್ಟಿ, ಸಂಸಾರ ಹೂಡಿ, ಮರಿಗಳನ್ನೂ ಮಾಡಿತ್ತು.

ಮೂಲೆಯಲ್ಲಿ ಅಯೋಡಿನ್ನಿನ ಐದು ಡ್ರಮ್ಮು. ನಾಲ್ಕರ ಸೀಲು ಒಡೆದಿರಲಿಲ್ಲ. ಐದನೆಯದರ ಮುಚ್ಚಳ ತೆರೆದಿತ್ತು, ಒಳಗೆ ಒಣಗಿ ಬಿರುಕು ಬಿಟ್ಟ ಬಿಳಿ ಪದರ. ತೆರೆದ ತಾರೀಕನ್ನು ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ದರು. ಅವಳು ಬೆರಳು ಮಡಚಿ ಎಣಿಸಿದಳು. ಒಂಬತ್ತು ತಿಂಗಳು.

ಗಿರಣಿಯ ಈಗಿನ ಯಜಮಾನನನ್ನು ಶಾಲೆಯಲ್ಲಿ ಎಲ್ಲರೂ ಸಕ್ಕರೆ ಎನ್ನುತ್ತಿದ್ದರು. ಉಪ್ಪಿನ ಗಿರಣಿಯವರ ಮಗನಿಗೆ ಬೇರೆ ಯಾವ ಹೆಸರು ಒಪ್ಪೀತು? ಮೂರನೇ ಬೆಂಚಿನಲ್ಲಿ ಗುಬ್ಬಿಯ ಪಕ್ಕ ಕೂತು, ಅವಳ ಲೆಕ್ಕ ನೋಡಿ ಬರೆದು, ಅವಳ ತಪ್ಪನ್ನೂ ತಪ್ಪದೆ ನಕಲು ಮಾಡಿ ಇಬ್ಬರಿಗೂ ಏಟು ಕೊಡಿಸಿದವನು.

"ಬಾ ಗುಬ್ಬಿ, ಟೀ ತರಿಸ್ಲಾ?" ಎಂದು ಎದ್ದ. ಕಣ್ಣು ಕೆಂಪಗಿತ್ತು.

"ಕೂತ್ಕೋ. ಇವತ್ತು ನಾನು ಗುಬ್ಬಿ ಅಲ್ಲ."

ಸಕ್ಕರೆ ಕೂತ.

"ಗೋದಾಮು ಗುಡಿಸಿದವರು ಯಾರು?"

"ನಾನೇ."

"ಪೊಲೀಸರು ಬಂದು ನೋಡೋ ಮೊದಲೇ, ಯಜಮಾನ ಆದವನು ಪೊರಕೆ ಹಿಡಿದು?"

"ಅಳು ಬರ್ಲಿಲ್ಲ ಗುಬ್ಬಿ. ಏನಾದ್ರೂ ಮಾಡಬೇಕಿತ್ತು. ಮೇಷ್ಟ್ರು ಬಿದ್ದ ಜಾಗ ಅಷ್ಟು ಗಲೀಜಾಗಿರೋದು ನೋಡೋಕಾಗ್ಲಿಲ್ಲ. ಗುಡಿಸಿದೆ. ತಪ್ಪಾ?"

"ತಪ್ಪು." ಅವಳ ದನಿ ಏರಲಿಲ್ಲ. "ಮೂಟೆ ಬಿದ್ದರೆ ಪೆಟ್ಟು ಬೆನ್ನಿಗೆ, ಹೆಗಲಿಗೆ ಆಗುತ್ತೆ. ಮೇಷ್ಟ್ರಿಗೆ ಆಗಿದ್ದು ತಲೆ ಹಿಂಭಾಗಕ್ಕೆ. ಕಲ್ಲಿನ ಮೆಟ್ಟಿಲಿಗೆ ಬಡಿದ ಪೆಟ್ಟು ಅಂದ್ರು ಡಾಕ್ಟರು. ಅಂದ್ರೆ ಮೊದಲು ಬಿದ್ದಿದ್ದು ಮನುಷ್ಯ, ಆಮೇಲೆ ಮೂಟೆ. ಇನ್ನೊಂದು. ಅವರ ಕೋಲು ಬಾಗಿಲ ಹತ್ತಿರ ಗೋಡೆಗೆ ಒರಗಿಸಿಟ್ಟಿತ್ತು. ಕಣ್ಣು ಕಾಣದವರು ಕೋಲನ್ನ ಅಲ್ಲೇ ಬಿಟ್ಟು ಯಾವಾಗ ಒಳಗೆ ಹೋಗ್ತಾರೆ ಹೇಳು? ಕೈ ಹಿಡಿದು ನಡೆಸೋರು ಜೊತೆಗಿದ್ದಾಗ ಮಾತ್ರ."

"ಕಣ್ಣು ಕಾಣದವರಾ? ಯಾರು, ಮೇಷ್ಟ್ರಾ?"

ಸಕ್ಕರೆಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ಗುಬ್ಬಿ ಮೂವತ್ತು ವರ್ಷದಿಂದ ಸುಳ್ಳುಗಾರರ ಮುಖ ಓದುತ್ತ ಬಂದವಳು. ಈ ಬೆರಗು ನಟನೆಯಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಬಿಡಲಿಲ್ಲ.

"ಉಪ್ಪಿಗೆ ಅಯೋಡಿನ್ ಬೆರೆಸೋದನ್ನ ಯಾಕೆ ನಿಲ್ಲಿಸಿದೆ?"

"ನಾನೆಲ್ಲಿ ನಿಲ್ಲಿಸಿದೆ?"

"ಒಂಬತ್ತು ತಿಂಗಳಿಂದ ನಿನ್ನ ಡ್ರಮ್ಮಿನ ಸೀಲು ಒಡೆದಿಲ್ಲ. ಕೊಳವೆ ಬಾಯಲ್ಲಿ ಜೇಡ ಬಾಣಂತನ ಮುಗಿಸಿದೆ. ಹೋಗಿ ನೋಡ್ಕೊಂಡು ಬಾ."

ಸಕ್ಕರೆ ಹೋದ. ಬರುವಾಗ ಮುಖ ಗೋಡೆಯ ಸುಣ್ಣದ ಹಾಗಿತ್ತು.

"ಹಳೇ ಯಂತ್ರದವನು ಕೆಲಸ ಬಿಟ್ಟು ಹೋಗಿ ಒಂಬತ್ತು ತಿಂಗಳೇ ಆಯ್ತು," ಎಂದ ತಡವರಿಸುತ್ತ. "ಹೊಸಬರಿಗೆ ಬೆಲ್ಟ್ ಓಡಿಸೋಕೆ ಹೇಳಿದ್ದೆ. ಡ್ರಮ್ಮು ತುಂಬಿಸೋದು ಇನ್ನೊಬ್ಬ ಮಾಡ್ತಾನೆ ಅಂತ ಇವನು, ಇವನು ಮಾಡ್ತಾನೆ ಅಂತ ಅವನು. ನಾನು ಇಳಿದು ನೋಡಲಿಲ್ಲ. ಯಾಕೆ ನೋಡಲಿ? ದಿನಾ ಬೆಳಗ್ಗೆ ಚೀಟಿ ಬರ್ತಿತ್ತಲ್ಲ!"

ಮೇಜಿನ ಮೇಲಿದ್ದ ಚೂಪು ಕಂಬಿಯನ್ನು ಅವಳತ್ತ ತಳ್ಳಿದ. ಅದರ ತುಂಬ ಚುಚ್ಚಿಟ್ಟ ಚೀಟಿಗಳು. ಪ್ರತಿಯೊಂದರಲ್ಲೂ ಒಂದೇ ಸಾಲು: 'ಇಂದಿನ ಮಾದರಿ. ನೀಲಿ ಬಂತು.' ಕೆಳಗೆ ಸಹಿ.

"ಯಂತ್ರ ನಂಬದೇ ಇರಬಹುದು, ಲ್ಯಾಬು ನಂಬದೇ ಇರಬಹುದು. ಮೇಷ್ಟ್ರ ಕೈಬರಹ ನಂಬದೇ ಇರೋಕಾಗುತ್ತಾ?"

"ಊರಲ್ಲಿ ಈ ಒಂಬತ್ತು ತಿಂಗಳಲ್ಲಿ ಎಷ್ಟು ಜನ ಬಸುರಿಯರಿದ್ರು, ಗೊತ್ತಾ ನಿನಗೆ? ಗಂಟಲು ಊದಿದ್ರೆ ಮತ್ತೆ ಇಳಿಸಬಹುದು. ಹೊಟ್ಟೆಯಲ್ಲೇ ಕಿವಿ ಹೋದ ಮಗೂಗೆ ಆಮೇಲೆ ಮೂಟೆಗಟ್ಟಲೆ ತಿನ್ನಿಸಿದ್ರೂ ಬರಲ್ಲ. ನಮ್ಮಣ್ಣನ್ನ ದಿನಾ ನೋಡ್ತೀಯಲ್ಲೋ!"

ಈಗ ಅವನು ಅತ್ತ. ನಾಲ್ಕು ದಿನದ್ದನ್ನು ಒಟ್ಟಿಗೆ ಅತ್ತ. "ನನ್ನ ಮಗಳು ಏಳು ತಿಂಗಳ ಬಸುರಿ, ಗುಬ್ಬಿ," ಎಂದ. "ನಮ್ಮನೇಲೂ ಇದೇ ಉಪ್ಪು."

"ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು," ಎಂದಳು ಮೆತ್ತಗೆ. "ರಕ್ತ ಪರೀಕ್ಷೆ ಮಾಡಿ ನೋಡ್ತಾರೆ. ಇನ್ನೂ ಹೊತ್ತು ಮೀರಿರಲಿಕ್ಕಿಲ್ಲ. ಗೋದಾಮಿನಿಂದ ಒಂದು ಮೂಟೆನೂ ಆಚೆ ಹೋಗಬಾರದು."

ಆಮೇಲೆ ಒಂದು ಚೀಟಿ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದಳು.

ಮೇಷ್ಟ್ರ ಅಕ್ಷರವೇ. 'ನೀ'ಯ ಬಾಲವನ್ನು ಮೇಲಕ್ಕೆ ಸುರುಳಿ ಸುತ್ತುವ ಅದೇ ಚಂದ. ಆದರೆ ಸಾಲು ನೇರವಾಗಿತ್ತು. ಒಂದೊಂದು ಅಕ್ಷರವೂ ಗೆರೆಯ ಮೇಲೆ, ತಂತಿಯ ಮೇಲೆ ಕೂತ ಹಕ್ಕಿಗಳ ಹಾಗೆ. ಗೆರೆ ಕಾಣದ ಮುದುಕನ ಕೈಗೆ ಇದು ಒಂದು ದಿನ ಸಾಧ್ಯ, ಎರಡು ದಿನ ಸಾಧ್ಯ. ಒಂಬತ್ತು ತಿಂಗಳು ಸಾಧ್ಯವಿಲ್ಲ.

"ಇದು ಮೇಷ್ಟ್ರು ಬರೆದದ್ದಲ್ಲ," ಎಂದಳು. "ಅವರ ಹತ್ತಿರ ಅಕ್ಷರ ಕಲಿತವರು ಬರೆದದ್ದು. ನಿನಗೆ ಈ ಚೀಟಿ ಯಾರು ತಂದುಕೊಡ್ತಿದ್ರು?"

ಸಕ್ಕರೆ ಮೂಗೊರೆಸಿಕೊಂಡು ಅವಳನ್ನೇ ನೋಡಿದ. ಹೇಳಲೋ ಬೇಡವೋ ಎಂಬಂತೆ ಒಮ್ಮೆ ಬಾಗಿಲ ಕಡೆಯೂ ನೋಡಿದ.

"ನಿನಗೆ ಗೊತ್ತಿಲ್ವಾ? ನಿಮ್ಮಣ್ಣ."

*

ಮನೆಗೆ ಹತ್ತು ನಿಮಿಷದ ದಾರಿ. ಅವಳಿಗೆ ಅದು ಮುಗಿಯಲೇ ಇಲ್ಲ.

ಅಣ್ಣನಿಗೆ ಬರೆಯಲು ಬರುವುದಿಲ್ಲ. ಇದು ಊರಿಗೇ ಗೊತ್ತಿದ್ದ ಸಂಗತಿ. ಏಳನೇ ವಯಸ್ಸಿನಲ್ಲಿ ಅಮ್ಮ ಅವನ ಕೈ ಹಿಡಿದು ಶಾಲೆಗೆ ಕರೆದೊಯ್ದಾಗ ಹೆಡ್‌ಮಾಸ್ಟರು, "ಬಂಡೆ ಮೇಲೆ ಬೀಜ ಬಿತ್ತಿದ ಹಾಗಾಗುತ್ತಮ್ಮ" ಎಂದು ವಾಪಸು ಕಳಿಸಿದ್ದರು. ಅಮ್ಮ ದಾರಿಯುದ್ದಕ್ಕೂ ಅವನನ್ನು ಎತ್ತಿಕೊಂಡೇ ಬಂದಿದ್ದಳಂತೆ, ಅವನು ನಡೆಯಬಲ್ಲವನಾಗಿದ್ದರೂ.

ಆದರೆ ಈಚಿನ ವರ್ಷಗಳಲ್ಲಿ ಅವನು ಪ್ರತಿ ಸಂಜೆ ಮೇಷ್ಟ್ರ ಮನೆಗೆ ಹೋಗುತ್ತಿದ್ದ. ಇಸ್ಪೀಟು ಆಡಲು ಹೋಗುತ್ತಾನೆ ಎಂದುಕೊಂಡು ಅವಳು ಸುಮ್ಮನಿದ್ದಳು. ಮೂಟೆಯ ಲೆಕ್ಕ, ಕಳ್ಳರ ಜಾಡು, ಯಾರ ಮನೆಯ ಗುಟ್ಟು ಬೇಕಾದರೂ ಹುಡುಕಿ ತೆಗೆಯುವ ಇನ್‌ಸ್ಪೆಕ್ಟರು. ತನ್ನ ಮನೆಯವನು ಸಂಜೆ ಏನು ಮಾಡುತ್ತಾನೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಇನ್ನೊಂದು ಯೋಚನೆಯೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಊರಲ್ಲಿ ಯಾರ ಮನೆಯ ಉಪ್ಪೂ ನೀಲಿಯಾಗುವ ಹಾಗಿಲ್ಲ. ಹಾಗಿದ್ದರೆ ಮೇಷ್ಟ್ರ ಅಡುಗೆಮನೆಯ ಜಾಡಿಗೆ ಉಪ್ಪು ಎಲ್ಲಿಂದ ಬಂತು?

ಅಣ್ಣ ಹಿತ್ತಿಲ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಅವಳ ನೆರಳು ಬಿದ್ದದ್ದೇ ತಲೆಯೆತ್ತಿ, ಹೆಬ್ಬೆರಳು ತೋರುಬೆರಳು ಸೇರಿಸಿ ಕಾಳು ಕುಕ್ಕುವ ಹಾಗೆ ಮಾಡಿದ. ಅದು ಅವಳ ಹೆಸರು. ಊರು ಅವಳನ್ನು ಗುಬ್ಬಿ ಎಂದು ಕರೆದದ್ದೇ ಅವನ ಬೆರಳು ನೋಡಿ.

ಅವಳು ಪಕ್ಕದಲ್ಲಿ ಕೂತಳು. ಚೀಟಿ, ಒಂದು ಬಿಳಿ ಹಾಳೆ, ಪೆನ್ಸಿಲು ಮೂರನ್ನೂ ಅವನ ಮುಂದಿಟ್ಟಳು.

ಅಣ್ಣ ಬಹಳ ಹೊತ್ತು ಪೆನ್ಸಿಲನ್ನೇ ನೋಡಿದ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಸೂಜಿ ಹಿಡಿದು ಜಡ್ಡುಗಟ್ಟಿದ ಬೆರಳುಗಳಲ್ಲಿ ಅದನ್ನು ಎತ್ತಿಕೊಂಡ.

'ಮೇಷ್ಟ್ರು ಕಲಿಸಿದರು. ಆರು ವರ್ಷ.'

'ನೀ' ಇಲ್ಲದಿದ್ದರೂ ಗೊತ್ತಾಯಿತು. ಅದೇ ಅಕ್ಷರ, ಅದೇ ನೇರ ಸಾಲು.

ಗುಬ್ಬಿಗೆ ಕೇಳಬೇಕಾದದ್ದು ನೂರಿತ್ತು. ಪೊಲೀಸಿನವಳು ಕೇಳಬೇಕಾದದ್ದು ಒಂದು, ತಂಗಿ ಕೇಳಿದ್ದು ಇನ್ನೊಂದು. 'ನನಗೆ ಯಾಕೆ ಹೇಳಲಿಲ್ಲ?' ಎಂದು ಬರೆದಳು.

'ಪೂರ್ತಿ ಬಂದ ಮೇಲೆ ನಿನಗೆ ಕಾಗದ ಬರೆಯೋಣ ಅಂತ.'

ಅವಳು ಮುಖವನ್ನು ಹಿತ್ತಿಲ ಗೋಡೆಯ ಕಡೆ ತಿರುಗಿಸಿದಳು. ಅಣ್ಣ ಅವಳ ತೋಳು ತಟ್ಟಿದ. ಅಳಬೇಡ ಎಂದಲ್ಲ, ಮುಂದೆ ಕೇಳು ಎಂದು.

'ಚೀಟಿಯಲ್ಲಿ ಸುಳ್ಳು ಬರೆದೆಯಾ?'

ಅಣ್ಣನ ಹುಬ್ಬು ಗಂಟಿಕ್ಕಿತು. ಪೆನ್ಸಿಲು ಹಾಳೆಗೆ ಒತ್ತಿ ಒತ್ತಿ ನಡೆಯಿತು.

'ಇಲ್ಲ. ಬಟ್ಟಲಲ್ಲಿ ನೀಲಿ ಬಂತು. ದಿನಾ ಬಂತು. ನಾನು ನೋಡಿ ಹೇಳಿದೆ. ಮೇಷ್ಟ್ರು ಬರಿ ಅಂದರು. ಬರೆದೆ.'

'ಆ ಉಪ್ಪು ಗಿರಣಿಯದ್ದೇನಾ?'

'ಗಿರಣಿಯಿಂದ ಡಬ್ಬಿಯಲ್ಲಿ ನಾನು ತರುತ್ತಿದ್ದೆ. ಒಳಗೆ ಒಯ್ದು ಬಟ್ಟಲಿಗೆ ಹಾಕಿ ತರುತ್ತಿದ್ದದ್ದು ಮೇಷ್ಟ್ರಮ್ಮ.'

ಗುಬ್ಬಿ ಕೊನೆಯ ಹೆಸರನ್ನು ಇನ್ನೊಮ್ಮೆ ಓದಿದಳು. 'ನಾನೇ ನೋಡಿ ಹೇಳ್ತಿದ್ದೆ' ಎಂದಿದ್ದರಲ್ಲ! ತನಗೆ ಮೊದಲ ಸಲ ಜಡೆ ಹೆಣೆದ ಕೈ ಅದು. ಅಮ್ಮ ಸತ್ತ ದಿನ ಅಣ್ಣನಿಗೂ ತನಗೂ ಕಲಸಿ ತುತ್ತು ಕೊಟ್ಟ ಕೈ. ಆ ಕೈ ದಿನಾ ಸಂಜೆ, ಒಳಗಿನ ಕತ್ತಲಲ್ಲಿ, ಗಿರಣಿಯ ಉಪ್ಪನ್ನು ಚೆಲ್ಲಿ, ಬೇರೆ ಊರಿಂದ ತರಿಸಿ ಜಾಡಿಯಲ್ಲಿಟ್ಟದ್ದನ್ನು ತುಂಬುತ್ತಿತ್ತು. ಯಾಕೆ? ನೀಲಿ ಬರಲಿಲ್ಲ ಎಂದರೆ ಗಿರಣಿಯವರು ಬಂದು ಕೇಳಿ, ಮೇಷ್ಟ್ರ ಕಣ್ಣಿನ ಗುಟ್ಟು ಊರಿಗೆ ಬಯಲಾದೀತೆಂದೇ?

ಬರೆಯುವಾಗ ಅವಳ ಅಕ್ಷರ ಅಡ್ಡಾದಿಡ್ಡಿಯಾಯಿತು. 'ಆ ದಿನ ನೀನು ಗೋದಾಮಿನ ಹತ್ತಿರ ಇದ್ದೆ. ಮೇಷ್ಟ್ರ ಜೊತೆ ಯಾರಿದ್ದರು?'

ಅಣ್ಣ ಪೆನ್ಸಿಲನ್ನು ಕೆಳಗಿಟ್ಟ. ಇದನ್ನು ಬರೆಯಲು ಅವನಿಗೆ ಮನಸ್ಸಿರಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದು, ಮುದುಕರನ್ನು ನಡೆಸುವ ಹಾಗೆ ಮೆಲ್ಲಗೆ ಮುಂದಕ್ಕೆ ಒಯ್ದ. ಎರಡು ಹೆಜ್ಜೆ, ಮೂರು ಹೆಜ್ಜೆ. ಮೆಟ್ಟಿಲು. ಅಲ್ಲಿ ಎರಡೂ ಕೈ ನಿಂತವು. ಒಂದಕ್ಕೊಂದು ಜಗ್ಗಿದವು. ಎಡಗೈ ಬಿಡಿಸಿಕೊಂಡಿತು, ಅಥವಾ ಬಲಗೈಯೇ ಬಿಟ್ಟಿತು. ಯಾವುದೆಂದು ತಿಳಿಯುವ ಮೊದಲೇ ಎಡಗೈ ಹಿಂದಕ್ಕೆ ಮಗುಚಿ ಬಿದ್ದಿತ್ತು. ಆಮೇಲೆ ಮೇಲಿನಿಂದ ಮೂಟೆಗಳು ಕುಸಿದು ಬಿದ್ದ ಹಾಗೆ ಬೆರಳುಗಳನ್ನು ಉದುರಿಸಿ ತೋರಿಸಿದ.

ಮೇಷ್ಟ್ರನ್ನು ಹಾಗೆ ಕೈ ಹಿಡಿದು ನಡೆಸುವವರು ಊರಲ್ಲಿ ಒಬ್ಬರೇ. "ಮೇಷ್ಟ್ರಮ್ಮ ನಿನ್ನನ್ನ ನೋಡಿದ್ರಾ?" ಎಂದು ಬಾಯಿಬಿಟ್ಟೇ ಕೇಳಿದಳು, ಅವನಿಗೆ ಕೇಳಿಸದು ಎಂಬುದನ್ನು ಮರೆತು.

ಅವನು ಅವಳ ತುಟಿ ಓದಿ ತಲೆಯಾಡಿಸಿದ. ಆಮೇಲೆ, ಹುಟ್ಟಿದಾಗಿನಿಂದ ಒಂದು ಮಾತೂ ಆಡದ ತನ್ನ ತುಟಿಯ ಮೇಲೆ ತೋರುಬೆರಳನ್ನು ನೆಟ್ಟಗೆ ಇಟ್ಟುಕೊಂಡು ತೋರಿಸಿದ. ಮೇಷ್ಟ್ರಮ್ಮ ಮಾಡಿದ್ದು ಹೀಗೆ.

"ಯಾರಿಗೆ ಹೇಳಬೇಡ ಅಂದ್ರು?"

ಅಣ್ಣ ತುಟಿಯ ಮೇಲಿನ ಬೆರಳನ್ನು ತೆಗೆದು, ನಿಧಾನವಾಗಿ ತಂಗಿಯ ಎದೆಯತ್ತ ತೋರಿಸಿದ.